ನಕ್ಷೆಗೆ ಬಣ್ಣ ಹಚ್ಚುವ ಮುನ್ನ

ಕಂದ,

ಶಿಕಾಗೊದಲ್ಲಿ ಗ್ಯಾಂಗುಗಳ ಕಾಟವಂತೆ, ಹುಡುಗನನ್ನು ಧೈರ್ಯವಾಗಿ ಕಳಿಸಬಹುದಾ ಅಕ್ಕಾ ಎಂದು ನಿಮ್ಮಮ್ಮ ಕೇಳಿದಳು. ಕಳಿಸು ಎಂದಿದ್ದೇನೆ. ಎಷ್ಟು ಹೊತ್ತಿನ ಮೇಲೆ ರೈಲು ಹತ್ತಬಾರದು, ಯಾವ ಕಡೆ ಒಬ್ಬನೇ ನಡೆಯಬಾರದು ಎನ್ನುವುದನ್ನೆಲ್ಲ ನೀನು ಬಂದ ಮೇಲೆ ಹೇಳುತ್ತೇನೆ. ಅದು ಹತ್ತು ನಿಮಿಷದ ಮಾತು. ಈ ಕಾಗದ ಬರೆಯುತ್ತಿರುವುದು ಬೇರೆ ಕಾರಣಕ್ಕೆ. ನೀನು ಬರುತ್ತಿರುವುದು ನಗರ ಯೋಜನೆ ಓದಲು. ನಾಳೆ ಯಾವುದೋ ಊರಿನ ನಕ್ಷೆ ನಿನ್ನ ಮೇಜಿನ ಮೇಲೆ ಬರುತ್ತದೆ. ಯಾವ ಬೀದಿ ಉಳಿಯಬೇಕು, ಯಾವುದು ಹೋಗಬೇಕು ಎಂದು ನಿನ್ನನ್ನೂ ಕೇಳುತ್ತಾರೆ. ಅಷ್ಟರೊಳಗೆ ಈ ಊರಿನ ಒಂದು ಗ್ಯಾಂಗಿನ ಚರಿತ್ರೆಯನ್ನಾದರೂ ನೀನು ಬುಡದಿಂದ ತಿಳಿದಿರಬೇಕೆಂದು ನನ್ನ ಆಸೆ. ಅದರ ಹೆಸರು ಯಂಗ್ ಲಾರ್ಡ್ಸ್.

ಅದು ಪೋರ್ಟೊ ರಿಕೊದ ಹುಡುಗರ ಗ್ಯಾಂಗು. ಕೆರಿಬಿಯನ್ ಕಡಲಿನ ಆ ದ್ವೀಪ 1898ರಲ್ಲಿ ಸ್ಪೇನಿನ ಕೈಯಿಂದ ಅಮೆರಿಕದ ಕೈಗೆ ಹೋಯಿತು. 1917ರಲ್ಲಿ ಅಲ್ಲಿಯ ಜನಕ್ಕೆ ಅಮೆರಿಕದ ಪೌರತ್ವ ಬಂತು. ಹಾಗಾಗಿ ಅವರು ನಮ್ಮ ಹಾಗೆ ವೀಸಾ ಹಿಡಿದು ಬಂದವರಲ್ಲ, ತಮ್ಮದೇ ದೇಶದ ಇನ್ನೊಂದು ಊರಿಗೆ ಕೆಲಸ ಹುಡುಕಿಕೊಂಡು ಬಂದವರು. ಎರಡನೇ ಮಹಾಯುದ್ಧ ಮುಗಿದ ಮೇಲೆ ದ್ವೀಪದ ಸರ್ಕಾರ ಕಾರ್ಖಾನೆಗಳ ಕಡೆ ಮುಖ ಮಾಡಿತು, ಕಬ್ಬಿನ ಗದ್ದೆಯ ಕೂಲಿ ಕಡಿಮೆಯಾಯಿತು, ಜನ ವಿಮಾನ ಹತ್ತಿದರು. 1960ರ ಜನಗಣತಿಯ ಹೊತ್ತಿಗೆ ಶಿಕಾಗೊ ಒಂದರಲ್ಲೇ 32 ಸಾವಿರಕ್ಕೂ ಹೆಚ್ಚು ಪೋರ್ಟೊ ರಿಕನ್ನರಿದ್ದರು.

ಅವರಲ್ಲಿ ತುಂಬಾ ಮಂದಿ ನೆಲೆಯೂರಿದ್ದು ಕ್ಲಾರ್ಕ್ ಬೀದಿಯ ಸುತ್ತ. ಆ ಕೇರಿಯನ್ನು ಅವರೇ 'ಲಾ ಕ್ಲಾರ್ಕ್' ಎಂದು ಕರೆದುಕೊಂಡಿದ್ದರು. ಹಳೆಯ ಕಟ್ಟಡಗಳು, ಒಂದೇ ಕೋಣೆಯಲ್ಲಿ ಐದಾರು ಜನ, ಚಳಿಗಾಲದಲ್ಲಿ ಕೆಟ್ಟು ನಿಲ್ಲುವ ಹೀಟರು. ಆದರೆ ಜಾಗ ಮಾತ್ರ ಸರೋವರದ ದಡಕ್ಕೂ ಊರಿನ ನಡುಭಾಗಕ್ಕೂ ಹತ್ತಿರ. ಅದೇ ಅವರಿಗೆ ಮುಳುವಾಯಿತು. ರಿಚರ್ಡ್ ಡೇಲಿ ಮೇಯರ್ ಆಗಿದ್ದ ಕಾಲ ಅದು. ನಗರ ನವೀಕರಣ ಎಂಬ ಹೆಸರಿನಲ್ಲಿ ಹಳೆಯ ಬೀದಿಗಳನ್ನು ನೆಲಸಮ ಮಾಡಲು ಸರ್ಕಾರದ ಹಣ ಧಾರಾಳವಾಗಿ ಬರುತ್ತಿತ್ತು. 1960ರ ದಶಕದ ಮೊದಲಲ್ಲಿ ಲಾ ಕ್ಲಾರ್ಕನ್ನು ಕೆಡವಿ, ಆ ಜಾಗದಲ್ಲಿ ಮಧ್ಯಮ ವರ್ಗದವರಿಗೆಂದು ಸಾಲು ಸಾಲು ಎತ್ತರದ ವಸತಿ ಕಟ್ಟಡಗಳನ್ನು ಎಬ್ಬಿಸಿದರು. ಬಡವರ ಕವಿ ಎನಿಸಿಕೊಂಡಿದ್ದ ಕಾರ್ಲ್ ಸ್ಯಾಂಡ್‌ಬರ್ಗ್ ಹೆಸರನ್ನು ಅದಕ್ಕೆ ಇಟ್ಟರು. ಕೇರಿಯವರು ಮೂಟೆ ಕಟ್ಟಿಕೊಂಡು ಉತ್ತರಕ್ಕೆ, ಲಿಂಕನ್ ಪಾರ್ಕ್ ಎಂಬ ಬಡಾವಣೆಗೆ ಹೋದರು.

ಹೋಸೆ ಹಿಮೆನೆಸ್ ಎಂಬ ಹುಡುಗನ ಕುಟುಂಬ ಹೀಗೆ ಮತ್ತೆ ಮತ್ತೆ ಮನೆ ಬದಲಿಸಿದ ಕುಟುಂಬಗಳಲ್ಲಿ ಒಂದು. 1948ರಲ್ಲಿ ಪೋರ್ಟೊ ರಿಕೊದ ಕಾಗ್ವಾಸ್ ಎಂಬಲ್ಲಿ ಹುಟ್ಟಿದ ಇವನನ್ನು ಎಲ್ಲರೂ 'ಚಾ ಚಾ' ಎನ್ನುತ್ತಿದ್ದರು. ಅಪ್ಪ ತೋಟದ ಕೂಲಿಯಾಗಿ ಅಮೆರಿಕಕ್ಕೆ ಬಂದವನು. ನೀನೊಂದು ಕ್ಷಣ ಯೋಚಿಸು: ಮನೆ ಬದಲಾದ ಪ್ರತಿ ಸಲವೂ ಮಗುವಿಗೆ ಹೊಸ ಶಾಲೆ, ಹೊಸ ಬೀದಿ. ಆ ಬೀದಿಯಲ್ಲಿ ಆಗಲೇ ಬೇರೆ ಹುಡುಗರಿರುತ್ತಾರೆ. ಲಿಂಕನ್ ಪಾರ್ಕಿನಲ್ಲಿ ಬಿಳಿಯ ಹುಡುಗರ ಗ್ಯಾಂಗುಗಳಿದ್ದವು. ಶಾಲೆಗೆ ಹೋಗುವ ದಾರಿಯಲ್ಲಿ ಹೊಡೆತ, ಈಜಲು ಹೋದರೆ ಹೊಡೆತ. 1959ರ ಸುಮಾರಿಗೆ ಒರ್ಲಾಂಡೊ ಡಾವಿಲಾ ಎಂಬ ಹುಡುಗನೂ ಚಾ ಚಾನೂ ಸೇರಿ ಏಳು ಮಂದಿ ಗುಂಪು ಕಟ್ಟಿಕೊಂಡರು. ನೇರಳೆ ಮತ್ತು ಕಪ್ಪು ಅವರ ಬಣ್ಣ. ಯಂಗ್ ಲಾರ್ಡ್ಸ್ ಹುಟ್ಟಿದ್ದು ಹೀಗೆ. ಯಾವ ದೊಡ್ಡ ದುರುದ್ದೇಶವೂ ಇರಲಿಲ್ಲ. ಏಟು ತಿನ್ನದೆ ಮನೆ ಸೇರಬೇಕಿತ್ತು, ಅಷ್ಟೇ.

ಆಮೇಲೆ ಆದದ್ದನ್ನು ನಾನು ಚೆಂದ ಮಾಡಿ ಹೇಳುವುದಿಲ್ಲ. ರಕ್ಷಣೆಗೆಂದು ಕಟ್ಟಿದ ಗುಂಪು ಕೆಲವೇ ವರ್ಷಗಳಲ್ಲಿ ಹೊಡೆಯುವ ಗುಂಪಾಯಿತು. ಚಾಕು, ಕಳ್ಳತನ, ಕದ್ದ ಕಾರು, ಕೊನೆಗೆ ಹೆರಾಯಿನ್. ಚಾ ಚಾ ಹುಡುಗನಾಗಿದ್ದಾಗಿನಿಂದಲೇ ಠಾಣೆ, ಜೈಲು ಕಂಡವನು. ಮಾದಕ ವಸ್ತುವಿನ ಚಟಕ್ಕೂ ಬಿದ್ದವನು. ಬಿಳಿಯರ ಜೊತೆ ಮಾತ್ರವಲ್ಲ, ಬ್ಲ್ಯಾಕ್ ಈಗಲ್ಸ್, ಪ್ಯಾರಗನ್ಸ್ ಎಂಬ ತಮ್ಮದೇ ಜನರ ಗುಂಪುಗಳಿದ್ದವಲ್ಲ, ಅವರ ಜೊತೆಗೂ ಪೈಪೋಟಿ. ನನ್ನನ್ನು ತುಂಬಾ ಕಾಡುವುದು ಇದೇ. ಒಂದೇ ಕಡೆಯಿಂದ ಒಕ್ಕಲೆಬ್ಬಿಸಿದ ಹುಡುಗರು ಇನ್ನೊಂದು ಕಡೆ ಬಂದು, ಎರಡು ಬೀದಿಗಳ ನಡುವಿನ ಗಡಿಗಾಗಿ ಒಬ್ಬರ ತಲೆ ಒಬ್ಬರು ಒಡೆದರು. ಅವರ ಮನೆ ಕೆಡವಿದವನ ಮುಖವನ್ನು ಅವರಲ್ಲಿ ಯಾರೂ ನೋಡಿರಲಿಲ್ಲ. ಅವನು ಬೀದಿಯಲ್ಲಿ ನಿಲ್ಲುವವನಲ್ಲ, ಯಾವುದೋ ಕಚೇರಿಯಲ್ಲಿ ನಕ್ಷೆಗೆ ಬಣ್ಣ ಹಚ್ಚುತ್ತಿದ್ದವನು. ಕಣ್ಣಿಗೆ ಕಾಣುತ್ತಿದ್ದವನು ಎದುರು ಬೀದಿಯ ಹುಡುಗ. ತೂಬಿಲ್ಲದ ಕೆರೆ ಏರಿ ಒಡೆದಾಗ ನೀರು ನುಗ್ಗುವುದು ಪಕ್ಕದಲ್ಲೇ ಇರುವ ಬಡವನ ಗದ್ದೆಗೆ. ಈ ಹುಡುಗರ ಸಿಟ್ಟೂ ಹಾಗೇ ನುಗ್ಗಿತು.

1966ರ ಜೂನಿನಲ್ಲಿ ಡಿವಿಷನ್ ಸ್ಟ್ರೀಟ್‌ನಲ್ಲಿ ಪೊಲೀಸರೊಬ್ಬರು ಪೋರ್ಟೊ ರಿಕನ್ ಯುವಕನೊಬ್ಬನಿಗೆ ಗುಂಡು ಹೊಡೆದರು. ಅವರ ಹಬ್ಬದ ಮೆರವಣಿಗೆಯ ಸಮಯ. ದಿನಗಟ್ಟಲೆ ಗಲಭೆ ನಡೆಯಿತು. ಈ ಜನರೂ ಇಲ್ಲಿದ್ದಾರೆ ಎನ್ನುವುದು ಶಿಕಾಗೊದ ಪತ್ರಿಕೆಗಳಿಗೆ ತಿಳಿದದ್ದೇ ಆಗ.

ಈಗ ತಿರುವಿಗೆ ಬರುತ್ತೇನೆ. 1968ರಲ್ಲಿ ಚಾ ಚಾ ಮಾದಕ ವಸ್ತು ಇಟ್ಟುಕೊಂಡಿದ್ದಕ್ಕೆ 60 ದಿನ ಕುಕ್ ಕೌಂಟಿ ಜೈಲಿಗೆ ಹೋದ. ಒಂಟಿ ಕೋಣೆಯಲ್ಲಿ ಹಾಕಿದ್ದರು. ಅಲ್ಲಿ ಅವನ ಕೈಗೆ ಪುಸ್ತಕಗಳು ಬಂದವು. ಕ್ರೈಸ್ತ ಸನ್ಯಾಸಿ ಥಾಮಸ್ ಮರ್ಟನ್‌ನ ಆತ್ಮಕಥೆ, ಆಮೇಲೆ ಮಾರ್ಟಿನ್ ಲೂಥರ್ ಕಿಂಗ್, ಮಾಲ್ಕಮ್ ಎಕ್ಸ್. ಶಾಲೆ ಬಿಟ್ಟ, ಇಪ್ಪತ್ತರ ಆಸುಪಾಸಿನ ಹುಡುಗ. ಅವನಿಗೆ ಮೊದಲ ಬಾರಿಗೆ ತನ್ನ ಬದುಕಿನಲ್ಲಿ ನಡೆದದ್ದಕ್ಕೆಲ್ಲ ಒಂದು ಕಾರಣವಿದೆ ಅನ್ನಿಸಿತು. ಪುಸ್ತಕ ಮನುಷ್ಯನನ್ನು ಬದಲಿಸುತ್ತದೆ ಎಂದು ನಮ್ಮ ಮೇಷ್ಟ್ರುಗಳು ಹೇಳುತ್ತಿದ್ದರು. ಈ ಮಾತನ್ನು ನಾನು ಪೂರ್ತಿ ನಂಬುವವಳಲ್ಲ. ಓದಿದ ಮೇಲೂ ಹಾಗೇ ಉಳಿದವರನ್ನು ಬೇಕಾದಷ್ಟು ಕಂಡಿದ್ದೇನೆ. ಇವನು ಬದಲಾದದ್ದು, ಓದಿದ್ದನ್ನು ತನ್ನ ಬೀದಿಯ ಮೇಲೆ ಇಟ್ಟು ನೋಡಿದ್ದರಿಂದ. ಬಿಡುಗಡೆಯಾಗಿ ಬಂದಾಗ ಲಿಂಕನ್ ಪಾರ್ಕಿನಲ್ಲೂ ಮನೆಗಳು ಖಾಲಿಯಾಗುತ್ತಿದ್ದವು, ನೆರೆಯವರು ಮತ್ತೆ ಮೂಟೆ ಕಟ್ಟುತ್ತಿದ್ದರು. 1968ರ ಸೆಪ್ಟೆಂಬರ್ 23ರಂದು ಅವನೂ ಗೆಳೆಯರೂ ಗ್ಯಾಂಗನ್ನು ಹಕ್ಕುಗಳಿಗಾಗಿ ದುಡಿಯುವ ಸಂಘಟನೆ ಎಂದು ಘೋಷಿಸಿದರು. ಆ ದಿನಕ್ಕೆ ಸರಿಯಾಗಿ ನೂರು ವರ್ಷದ ಹಿಂದೆ ಪೋರ್ಟೊ ರಿಕೊದ ಲಾರೆಸ್ ಎಂಬ ಊರಿನಲ್ಲಿ ಸ್ಪೇನಿನ ವಿರುದ್ಧ ಬಂಡಾಯ ಎದ್ದಿತ್ತು. ಬೀದಿಯ ಹುಡುಗರಿಗೆ ಅಷ್ಟು ಹೊತ್ತಿಗೆ ತಮ್ಮ ಚರಿತ್ರೆಯ ತಾರೀಖು ತಿಳಿದಿತ್ತು.

ಬಡಾವಣೆಯ ನವೀಕರಣದ ಬಗ್ಗೆ ಸಲಹೆ ಕೊಡುವ ಒಂದು ಮಂಡಳಿ ಇತ್ತು. ಅದರ ಸಭೆಗೆ ಯಂಗ್ ಲಾರ್ಡ್ಸ್ ಹೋದರು. ಒಳಗೆ ಕಾಲಿಟ್ಟರೆ ಅಲ್ಲಿ ಪೋರ್ಟೊ ರಿಕನ್ನರಿಲ್ಲ, ಕಪ್ಪು ಜನರಿಲ್ಲ, ಬಾಡಿಗೆ ಮನೆಯ ಬಡವರಿಲ್ಲ. ಕೆಡವಬೇಕಾದ ಮನೆಗಳಲ್ಲಿ ಇದ್ದವರು ಒಬ್ಬರೂ ಇಲ್ಲ. ಹುಡುಗರು ಮೇಜು ಕುರ್ಚಿ ಎತ್ತಿ ಎಸೆದು ಬಂದರು. ಕುರ್ಚಿ ಮುರಿದದ್ದನ್ನು ನಾನು ಹೊಗಳುವುದಿಲ್ಲ. ಆದರೆ ಅವರ ಸಿಟ್ಟು ಬದುಕಿನಲ್ಲಿ ಮೊದಲ ಸಲ ಸರಿಯಾದ ವಿಳಾಸಕ್ಕೆ ತಲುಪಿದ್ದು ಅವತ್ತು. ನೀನು ಮುಂದೆ ಅಂಥ ಎಷ್ಟೋ ಸಭೆಗಳಲ್ಲಿ ಕೂರುತ್ತೀಯ. ಕೂತ ಕೂಡಲೇ ಸುತ್ತ ಒಮ್ಮೆ ನೋಡು. ಈ ನಕ್ಷೆಯಲ್ಲಿ ಯಾರ ಮನೆಯ ಮೇಲೆ ಗೆರೆ ಎಳೆದಿದ್ದಾರೋ ಅವರು ಕೋಣೆಯಲ್ಲಿ ಇದ್ದಾರಾ? ಇಲ್ಲದಿದ್ದರೆ ಕೇಳು. ಕೇಳಿದ್ದಕ್ಕೆ ನಿನ್ನ ಮೇಲಿನವರು ಮುಖ ಸಿಂಡರಿಸಿದರೂ ಕೇಳು.

1969 ಅವರ ವರ್ಷ. ಮೇ ತಿಂಗಳ ಮೊದಲ ವಾರ, ಕರ್ತವ್ಯದಲ್ಲಿಲ್ಲದ ಪೊಲೀಸನೊಬ್ಬನ ಗುಂಡಿಗೆ ಅವರ ಸಂಗಾತಿ ಮ್ಯಾನುಯೆಲ್ ರಾಮೋಸ್ ಬಲಿಯಾದ. ಹಳೆಯ ದಿನಗಳಾಗಿದ್ದರೆ ಏನಾಗುತ್ತಿತ್ತೆಂದು ನೀನೇ ಊಹಿಸು. ಈ ಸಲ ಅವರು ಸಾವಿರಾರು ಜನರನ್ನು ಕಲೆಹಾಕಿ ಮೆರವಣಿಗೆ ನಡೆಸಿದರು. ಹಿಂದೆ ಕಾದಾಡುತ್ತಿದ್ದ ಗ್ಯಾಂಗುಗಳ ಹುಡುಗರೂ ಜೊತೆಗೆ ನಡೆದರು. ಅದೇ ತಿಂಗಳ ಮಧ್ಯದಲ್ಲಿ ಮೆಕ್ಕಾರ್ಮಿಕ್ ಎಂಬ ಧರ್ಮಶಾಸ್ತ್ರ ಕಾಲೇಜಿನ ಕಟ್ಟಡವನ್ನು ಹೊಕ್ಕು ಒಂದು ವಾರದಷ್ಟು ಕಾಲ ಅಲ್ಲೇ ಕೂತರು. ಬಾಗಿಲಿಗೆ ರಾಮೋಸ್ ಹೆಸರು ಬರೆದರು. ಬಡವರ ಮನೆಗಳಿಗೆಂದು 6,01,000 ಡಾಲರ್ ಕೊಡಬೇಕೆಂಬ ಬೇಡಿಕೆಗೆ ಕಾಲೇಜು ಒಪ್ಪಿತು. ಅವರು ಅಲ್ಲಿಗೇ ನಿಲ್ಲಲಿಲ್ಲ. ಹೋವರ್ಡ್ ಅಲನ್ ಎಂಬ ವಾಸ್ತುಶಿಲ್ಪಿಯ ಜೊತೆ ಕೂತು, ಕಡಿಮೆ ಆದಾಯದ ಕುಟುಂಬಗಳಿಗೆ ಎಂಥ ಮನೆ ಬೇಕೆಂದು ಅಲ್ಲಿಯವರನ್ನೇ ಕೇಳಿಕೊಂಡು, ವಿನ್ಯಾಸ ಮಾಡಿಸಿದರು. ನಗರ ಅದಕ್ಕೆ ಜಾಗ ಕೊಡಲಿಲ್ಲ. ಆದರೂ ಬೇಡ ಎಂದು ಕೂಗುವುದರ ಜೊತೆಗೆ, ಹೀಗೆ ಬೇಕು ಎಂದು ಕಾಗದದ ಮೇಲೆ ತೋರಿಸಿದರಲ್ಲ, ಅದನ್ನು ನೀನು ಓದುವಾಗ ಹುಡುಕಿ ನೋಡು.

ಜೂನಿನಲ್ಲಿ ಆರ್ಮಿಟೇಜ್ ಬೀದಿಯ ಮೆಥಡಿಸ್ಟ್ ಚರ್ಚಿಗೆ ಹೊಕ್ಕರು. ಜಾಗ ಕೊಡಿ ಎಂದು ಮೊದಲು ಕೇಳಿದ್ದರು, ಸಭೆಯವರು ಒಪ್ಪಿರಲಿಲ್ಲ. ಪಾದ್ರಿ ಬ್ರೂಸ್ ಜಾನ್ಸನ್ ಮಾತ್ರ ಅವರನ್ನು ಹೊರಹಾಕಲು ಪೊಲೀಸರಿಗೆ ಅವಕಾಶ ಕೊಡಲಿಲ್ಲ. ಅದಕ್ಕೆ ಜನರ ಚರ್ಚ್ ಎಂದು ಹೆಸರಾಯಿತು. ನಾನು ನರ್ಸ್ ಆಗಿ ದುಡಿದವಳಾದ್ದರಿಂದ ಈ ಚರಿತ್ರೆಯಲ್ಲಿ ನನ್ನ ಮನಸ್ಸು ನಿಲ್ಲುವುದು ಇಲ್ಲಿ. ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗೆ ಶಿಶುವಿಹಾರ, ಶಾಲೆಗೆ ಮುಂಚೆ ಬಿಸಿ ತಿಂಡಿ, ಉಚಿತ ಚಿಕಿತ್ಸಾಲಯ. ಚಿಕಿತ್ಸಾಲಯಕ್ಕೆ ಇಟ್ಟ ಹೆಸರು ಎಮೆಟೆರಿಯೊ ಬೆಟಾನ್ಸೆಸ್. ಆತ 19ನೇ ಶತಮಾನದ ಪೋರ್ಟೊ ರಿಕೊದ ವೈದ್ಯ, ಕಾಲರಾ ಬಂದಾಗ ಬಡವರ ನಡುವೆ ಓಡಾಡಿದವನು, ಗುಲಾಮಗಿರಿಯ ವಿರುದ್ಧ ದುಡಿದವನು, ಲಾರೆಸ್ ಬಂಡಾಯದ ಹಿಂದಿದ್ದವನು.

ಶಿಶುವಿಹಾರ ತೆರೆಯುವುದು ಸುಲಭವಿರಲಿಲ್ಲ. ನಗರದ ಇನ್ಸ್‌ಪೆಕ್ಟರುಗಳು ಬಂದು ಕಟ್ಟಡದ ನಿಯಮ ತೋರಿಸಿದರು. ಇದು ಸರಿಯಿಲ್ಲ, ಅದು ಸರಿಯಿಲ್ಲ ಎಂದರು. ಮೊನ್ನೆಯವರೆಗೆ ಬೀದಿ ಕಾಯುತ್ತಿದ್ದ ಹುಡುಗರು ಪರವಾನಗಿ ಅರ್ಜಿ, ವಿಮೆ, ರಿಪೇರಿ ಖರ್ಚು ಎಂದು ತಲೆ ಕೆಡಿಸಿಕೊಂಡು ಕೂತರು. ಕಂದ, ಗುಂಡು ಕೋವಿಯ ಕಥೆಗೆ ಸಿನಿಮಾ ಮಾಡುತ್ತಾರೆ, ಈ ಅರ್ಜಿಯ ಕಥೆಗೆ ಯಾರೂ ಮಾಡುವುದಿಲ್ಲ. ನನಗೆ ಮಾತ್ರ ಧೈರ್ಯ ಎಂದರೆ ಇದೇ. ಬೆಳಿಗ್ಗೆ ಐದಕ್ಕೆ ಎದ್ದು ಮೊಟ್ಟೆ ಬೇಯಿಸಿ ಬೇರೆಯವರ ಮಕ್ಕಳಿಗೆ ಬಡಿಸಲು ಬೇಕಾಗುವ ಹಟ, ಒಬ್ಬನನ್ನು ಇರಿಯಲು ಬೇಕಾಗುವ ಆವೇಶಕ್ಕಿಂತ ದೊಡ್ಡದು. ಆ ಹಟ ಅವರಲ್ಲಿ ಮೊದಲಿನಿಂದಲೂ ಇತ್ತು. ಅದಕ್ಕೊಂದು ಕೆಲಸ ಸಿಕ್ಕಿರಲಿಲ್ಲ.

ಆ ವಸಂತದಲ್ಲೇ ಇನ್ನೊಂದು ನಡೆದಿತ್ತು. ಕಪ್ಪು ಜನರ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಇಲಿನಾಯ್ ಘಟಕವನ್ನು ಕಟ್ಟುತ್ತಿದ್ದವನು ಫ್ರೆಡ್ ಹ್ಯಾಂಪ್ಟನ್, ಇಪ್ಪತ್ತರ ಯುವಕ. ಪ್ಯಾಂಥರ್‌ಗಳು, ಯಂಗ್ ಲಾರ್ಡ್ಸ್, ಅಪ್‌ಟೌನ್ ಬಡಾವಣೆಯ ಬಡ ಬಿಳಿಯರ ಯಂಗ್ ಪೇಟ್ರಿಯಟ್ಸ್, ಈ ಮೂವರೂ ಕೈ ಜೋಡಿಸಿದರು. ಕಾಮನಬಿಲ್ಲಿನ ಒಕ್ಕೂಟ ಎಂದರು. ಆ ಬಿಳಿಯ ಹುಡುಗರ ಅಂಗಿಯ ಮೇಲೆ ಗುಲಾಮಗಿರಿ ಉಳಿಸಲು ಯುದ್ಧ ಮಾಡಿದ ದಕ್ಷಿಣದವರ ಬಾವುಟವಿತ್ತು. ಅದನ್ನು ತೊಟ್ಟುಕೊಂಡೇ ಅವರು ಕಪ್ಪು ಹುಡುಗರ ಪಕ್ಕ ಕೂತು ಬಾಡಿಗೆಯ ಬಗ್ಗೆ, ಪೊಲೀಸರ ಬಗ್ಗೆ ಮಾತಾಡಿದರು. ನಮ್ಮ ಜಾತಿ, ನಮ್ಮ ಕೇರಿ ಎಂದು ಬೆಳೆದ ನಮ್ಮಂಥವರಿಗೆ ಇದು ಎಷ್ಟು ಕಷ್ಟದ ಕೆಲಸ ಎಂದು ಬಿಡಿಸಿ ಹೇಳಬೇಕಿಲ್ಲ.

ಇದೆಲ್ಲಕ್ಕೂ ಅವರು ತೆತ್ತ ಬೆಲೆಯನ್ನು ಮುಚ್ಚಿಡಲಾರೆ. ಸೆಪ್ಟೆಂಬರ್ ಕೊನೆಯಲ್ಲಿ ಪಾದ್ರಿ ಜಾನ್ಸನ್‌ರನ್ನೂ ಅವರ ಹೆಂಡತಿ ಯೂಜೀನಿಯಾರನ್ನೂ ಅವರ ಮನೆಯಲ್ಲೇ ಇರಿದು ಕೊಂದರು. ಕೊಂದವರು ಇವತ್ತಿಗೂ ಸಿಕ್ಕಿಲ್ಲ. ಡಿಸೆಂಬರ್ 4ರ ನಸುಕಿನಲ್ಲಿ ಪೊಲೀಸರು ಹ್ಯಾಂಪ್ಟನ್ ಮನೆಗೆ ನುಗ್ಗಿ, ಹಾಸಿಗೆಯಲ್ಲಿದ್ದ ಅವನನ್ನು ಗುಂಡಿಟ್ಟು ಕೊಂದರು. ಅವನಿಗೆ 21 ವರ್ಷ. ಜೊತೆಯಲ್ಲೇ ಇದ್ದ ಎಫ್‌ಬಿಐ ಮಾಹಿತಿದಾರನೊಬ್ಬ ಆ ಮನೆಯ ಒಳನಕ್ಷೆ ಬರೆದು ಕೊಟ್ಟಿದ್ದ, ಹಾಸಿಗೆ ಎಲ್ಲಿದೆ ಎನ್ನುವುದೂ ಸೇರಿ. ಚಾ ಚಾನ ಮೇಲೆ ಮೊಕದ್ದಮೆಯ ಮೇಲೆ ಮೊಕದ್ದಮೆ. ಅವುಗಳಲ್ಲೊಂದು 23 ಡಾಲರಿನ ಮರದ ಹಲಗೆ ಕದ್ದ ಆರೋಪ. ಅದಕ್ಕೆ ಒಂದು ವರ್ಷದ ಶಿಕ್ಷೆಯಾಯಿತು. ಅವನು ಎರಡು ವರ್ಷ ತಲೆಮರೆಸಿಕೊಂಡಿದ್ದು, 1972ರ ಡಿಸೆಂಬರಿನಲ್ಲಿ ಶರಣಾದ.

ಇಷ್ಟರಲ್ಲಿ ನ್ಯೂಯಾರ್ಕಿನ ಪೋರ್ಟೊ ರಿಕನ್ ವಿದ್ಯಾರ್ಥಿಗಳು ಶಿಕಾಗೊದ ಸುದ್ದಿ ಓದಿ 1969ರ ಜುಲೈನಲ್ಲಿ ತಮ್ಮಲ್ಲೂ ಯಂಗ್ ಲಾರ್ಡ್ಸ್ ಆರಂಭಿಸಿದ್ದರು. ಪುಸ್ತಕಗಳಲ್ಲಿ ಅವರ ಮಾತೇ ಹೆಚ್ಚು. ಈಸ್ಟ್ ಹಾರ್ಲೆಮ್‌ನಲ್ಲಿ ನಗರದವರು ಕಸ ಎತ್ತದಿದ್ದಾಗ ತಾವೇ ಗುಡಿಸಿದರು, ಆಮೇಲೆ ಆ ಕಸವನ್ನೇ ದೊಡ್ಡ ರಸ್ತೆಗೆ ಅಡ್ಡ ಹಾಕಿದರು. 1970ರಲ್ಲಿ ಕ್ಷಯ ಪತ್ತೆಯ ಎಕ್ಸ್‌ರೇ ಲಾರಿಯನ್ನು ವಶಪಡಿಸಿಕೊಂಡು ಜನರಿರುವ ಬೀದಿಗೆ ತಂದು ನಿಲ್ಲಿಸಿದರು. ಅದೇ ವರ್ಷದ ಜುಲೈನಲ್ಲಿ ಬ್ರಾಂಕ್ಸ್‌ನ ಲಿಂಕನ್ ಆಸ್ಪತ್ರೆಯ ಒಂದು ಕಟ್ಟಡವನ್ನು ಹಿಡಿದು, ರೋಗಿಗೆ ಗೌರವ ಬೇಕು ಎಂದು ಕೇಳಿದರು. ವಾರ್ಡಿನಲ್ಲಿ ದುಡಿದವಳಾಗಿ ಹೇಳುತ್ತೇನೆ, ಬಡ ರೋಗಿಯನ್ನು ಕೂಗಿ ಮಾತಾಡಿಸುವುದು ನಿಂತರೆ ಅರ್ಧ ಚಿಕಿತ್ಸೆ ಆದಂತೆ. ಆ ಘಟಕದ ಮೊದಲ ಪ್ರಣಾಳಿಕೆಯಲ್ಲಿ, ಗಂಡಸುತನ ಕ್ರಾಂತಿಕಾರಿಯಾಗಿರಬೇಕು ಎಂಬ ಅರ್ಥದ ಸಾಲೊಂದಿತ್ತು. ಡೆನಿಸ್ ಆಲಿವರ್, ಐರಿಸ್ ಮೊರಾಲೆಸ್ ಮುಂತಾದ ಹೆಂಗಸರು ಬಿಡಲಿಲ್ಲ. ಜಗಳವಾಡಿ ಅದನ್ನು ತೆಗೆಸಿ, ಗಂಡಾಳ್ವಿಕೆ ಬೇಡ ಎಂದು ಬರೆಸಿದರು. ನೀನು ಸೇರುವ ಯಾವ ಸಂಘದಲ್ಲಾದರೂ ಹುಡುಗಿಯರು ಇಂಥ ಜಗಳ ತೆಗೆದರೆ, ಮೊದಲು ದೊಡ್ಡ ಕೆಲಸ ಮುಗಿಯಲಿ ಎನ್ನುವವರ ಪಕ್ಷ ನೀನು ವಹಿಸಬೇಡ.

ಶಿಕಾಗೊದಲ್ಲಿ ಕೊನೆಗೆ ಗೆದ್ದರಾ ಎಂದು ಕೇಳುತ್ತೀಯ. ಲಿಂಕನ್ ಪಾರ್ಕ್ ಉಳಿಯಲಿಲ್ಲ. ಇವತ್ತು ಅದು ಊರಿನ ಶ್ರೀಮಂತ ಬಡಾವಣೆಗಳಲ್ಲಿ ಒಂದು. ಪೋರ್ಟೊ ರಿಕನ್ನರು ಅಲ್ಲಿಂದ ಪಶ್ಚಿಮಕ್ಕೆ, ಹಂಬೋಲ್ಟ್ ಪಾರ್ಕಿನ ಕಡೆ ಹೋದರು. 1975ರಲ್ಲಿ ಚಾ ಚಾ ನಗರಸಭೆಗೆ ನಿಂತು ಶೇಕಡಾ 39 ಮತ ಪಡೆದು ಸೋತ. ಆದರೆ ಆ ಕಪ್ಪು, ಕಂದು, ಬಡ ಬಿಳಿಯರ ಸಖ್ಯವಿತ್ತಲ್ಲ, 1983ರಲ್ಲಿ ಹೆರಾಲ್ಡ್ ವಾಷಿಂಗ್ಟನ್ ಈ ಊರಿನ ಮೊದಲ ಕಪ್ಪು ಮೇಯರ್ ಆಗಲು ಅದೇ ದಾರಿ ಹಾಕಿಕೊಟ್ಟಿತು. ಚಾ ಚಾನೂ ಅವರ ಪರ ದುಡಿದ. 2025ರ ಜನವರಿಯಲ್ಲಿ ತೀರಿಕೊಂಡ, 76 ವರ್ಷವಾಗಿತ್ತು.

ಬೇರೆ ಗ್ಯಾಂಗುಗಳಿಗೆ ಈ ತಿರುವು ದಕ್ಕಲಿಲ್ಲ. ಲ್ಯಾಟಿನ್ ಕಿಂಗ್ಸ್ ಕೂಡ ಇದೇ ಊರಿನಲ್ಲಿ ಹುಟ್ಟಿದ್ದು. ಮಾದಕ ವ್ಯಾಪಾರ ಹಿಡಿದು ದೇಶದ ತುಂಬ ಹರಡಿತು, ಎಷ್ಟೋ ತಾಯಂದಿರ ಮಕ್ಕಳನ್ನು ತಿಂದಿತು. ನಗರ ಕಂಡುಕೊಂಡ ಮದ್ದು ಏನು ಗೊತ್ತಾ? 1992ರಲ್ಲಿ ಒಂದು ಕಾಯಿದೆ. ಗ್ಯಾಂಗಿನವನೆಂಬ ಅನುಮಾನವಿರುವವನ ಜೊತೆ ಬೀದಿಯಲ್ಲಿ ಸುಮ್ಮನೆ ನಿಂತಿದ್ದರೂ ಪೊಲೀಸರು ಹೋಗು ಎನ್ನಬಹುದು, ಹೋಗದಿದ್ದರೆ ಹಿಡಿಯಬಹುದು. ಮೂರು ವರ್ಷದಲ್ಲಿ 42 ಸಾವಿರಕ್ಕೂ ಹೆಚ್ಚು ಜನರನ್ನು ಹಿಡಿದರು. 1999ರಲ್ಲಿ ಸುಪ್ರೀಂ ಕೋರ್ಟ್ ಆ ಕಾಯಿದೆಯನ್ನು ರದ್ದು ಮಾಡಿತು. ಮನೆಯಲ್ಲಿ ಜಾಗವಿಲ್ಲದ ಹುಡುಗ ಬೀದಿಯಲ್ಲಿ ನಿಲ್ಲುತ್ತಾನೆ. ಬೀದಿಯಲ್ಲೂ ನಿಲ್ಲಬೇಡ ಎಂದರೆ ಅವನು ಎಲ್ಲಿ ನಿಲ್ಲಬೇಕು ಎನ್ನುವುದಕ್ಕೆ ಉತ್ತರ ಹುಡುಕಬೇಕಾದವರು ಪೊಲೀಸರಲ್ಲ, ನಿನ್ನ ವಿದ್ಯೆ ಕಲಿತವರು.

ಇನ್ನೊಂದು ವಿಷಯ, ನೀನು ಸೇರುತ್ತಿರುವ ಇಲಿನಾಯ್ ವಿಶ್ವವಿದ್ಯಾಲಯದ ಶಿಕಾಗೊ ಆವರಣದ್ದು. 1965ರಲ್ಲಿ ಅದು ತೆರೆದದ್ದು ಇಟಾಲಿಯನ್, ಗ್ರೀಕ್, ಮೆಕ್ಸಿಕನ್ ಕುಟುಂಬಗಳ ಹಳೆಯ ಕೇರಿಯನ್ನು ಕೆಡವಿದ ಜಾಗದಲ್ಲಿ. ಫ್ಲಾರೆನ್ಸ್ ಸ್ಕಾಲಾ ಎಂಬ ಅಲ್ಲಿಯ ಹೆಂಗಸು ನೆರೆಹೊರೆಯವರನ್ನು ಕಟ್ಟಿಕೊಂಡು ಮೇಯರ್ ಕಚೇರಿಯವರೆಗೆ ಹೋಗಿ ಹೋರಾಡಿ ಸೋತಳು. ಅಲ್ಲಿ ಓದಬೇಡ ಎನ್ನುತ್ತಿಲ್ಲ. ಒಳ್ಳೆಯ ಕಾಲೇಜು, ಬಡವರ ಮಕ್ಕಳು ಬಹಳ ಮಂದಿ ಅಲ್ಲೇ ಓದಿ ಮುಂದೆ ಬಂದಿದ್ದಾರೆ. ನಿನ್ನ ತರಗತಿಯ ನೆಲದ ಕೆಳಗೆ ಯಾರ ಅಡುಗೆಮನೆ ಇತ್ತು ಎಂದು ತಿಳಿದು ಓದು ಎನ್ನುತ್ತೇನೆ.

ಬರುವ ಮುನ್ನ ಒಂದು ಕೆಲಸ ಮಾಡು. ಚಾ ಚಾ ವಯಸ್ಸಾದ ಮೇಲೆ ಮಿಶಿಗನ್‌ನ ಗ್ರ್ಯಾಂಡ್ ವ್ಯಾಲಿ ಸ್ಟೇಟ್ ವಿಶ್ವವಿದ್ಯಾಲಯದ ಜೊತೆ ಸೇರಿ, ಲಿಂಕನ್ ಪಾರ್ಕಿನ ಹಳಬರನ್ನು ಹುಡುಕಿ ಹುಡುಕಿ ಅವರ ಮಾತುಗಳನ್ನು ದಾಖಲಿಸಿದ. ಅವು ಇಂಟರ್‌ನೆಟ್ಟಿನಲ್ಲಿ ಯಾರಿಗೆ ಬೇಕಾದರೂ ಸಿಗುತ್ತವೆ. ನಾಯಕರದ್ದು ಮಾತ್ರ ಕೇಳಬೇಡ. ಶಿಶುವಿಹಾರ ನೋಡಿಕೊಂಡವರದ್ದು, ಮನೆ ಕಳೆದುಕೊಂಡು ದೂರ ಹೋದವರದ್ದು ಕೇಳು. ನೀನು ಬಂದ ಮೊದಲ ಭಾನುವಾರ ಕ್ಲಾರ್ಕ್ ಬೀದಿಯಿಂದ ಹೊರಟು, ಆರ್ಮಿಟೇಜ್ ಮತ್ತು ಹಾಲ್ಸ್‌ಟೆಡ್ ಸೇರುವಲ್ಲಿ ನಿಂತು, ಹಂಬೋಲ್ಟ್ ಪಾರ್ಕಿನವರೆಗೆ ಹೋಗೋಣ. ಆ ಜನರನ್ನು ತಳ್ಳುತ್ತಾ ಹೋದ ದಾರಿ ಅದೇ. ಪೂರ್ತಿ ನಡೆಯಲು ನನ್ನ ಮಂಡಿ ಬಿಡುವುದಿಲ್ಲ, ಅರ್ಧ ಬಸ್ಸಿನಲ್ಲಿ ಹೋಗೋಣ. ಡಿವಿಷನ್ ಸ್ಟ್ರೀಟ್‌ನಲ್ಲಿ ಉಕ್ಕಿನಲ್ಲಿ ಮಾಡಿದ ಎರಡು ದೊಡ್ಡ ಪೋರ್ಟೊ ರಿಕೊ ಬಾವುಟಗಳಿವೆ, ಅವುಗಳ ನಡುವಿನ ಹೋಟೆಲೊಂದರಲ್ಲಿ ಊಟ. ಅಲ್ಲೂ ಈಗ ಬಾಡಿಗೆ ಏರುತ್ತಿದೆ. ಯಾಕೆ ಏರುತ್ತಿದೆ ಎಂದು ಹೋಟೆಲಿನವರನ್ನೇ ಕೇಳು. ನೋಟ್‌ಬುಕ್ ತಂದಿರು.

ನಿನ್ನ ದೊಡ್ಡಮ್ಮ